ಅಮ್ಮನ ಸೀರೆ ಉದ್ದವಾದ ವರ್ಷ

ನಾಲ್ಕು ತಿಂಗಳ ಅಂತರದಲ್ಲಿ ನಮ್ಮ ಮನೆಯ ಇಬ್ಬರಿಗೆ ಬೆನ್ನು ನೋವು ಬಂತು. ಮೊದಲು ನನಗೆ, ಆಮೇಲೆ ಊರಲ್ಲಿರುವ ಅಮ್ಮನಿಗೆ. ನನ್ನ ನೋವಿಗೆ ಎಂಆರ್‌ಐ ಆಯಿತು, ಮೂವರು ಡಾಕ್ಟರಿಗೆ ತೋರಿಸಿದ್ದಾಯಿತು, ಸೊಂಟಕ್ಕೆ ಬೆಲ್ಟು ಬಂತು, ಹಾಸಿಗೆಯೂ ಹೊಸದಾಯಿತು. ಅಮ್ಮನ ನೋವಿಗೆ ಸಿಕ್ಕಿದ್ದು ಒಂದು ಡಬ್ಬಿ ಮುಲಾಮು, ಅಷ್ಟೇ. ನಿಜಕ್ಕೂ ಹೆದರಬೇಕಾಗಿದ್ದುದು ಅಮ್ಮನ ನೋವಿಗೆ. ಅದು ನಮಗೆ ಗೊತ್ತಾಗುವಷ್ಟರಲ್ಲಿ ಮತ್ತೆ ನಾಲ್ಕು ತಿಂಗಳು ಕಳೆದಿತ್ತು.

ನನ್ನದನ್ನು ಮೊದಲು ಹೇಳಿಬಿಡುತ್ತೇನೆ.

ನಾನು ಶಿವಮೊಗ್ಗದಲ್ಲಿ ಆಡಿಟರೊಬ್ಬರ ಆಫೀಸಿನಲ್ಲಿ ಲೆಕ್ಕ ನೋಡುವವಳು. ಸೆಪ್ಟೆಂಬರ್ ಕೊನೆ ಬಂತೆಂದರೆ ನಮಗೆ ಊಟಕ್ಕೂ ಪುರುಸೊತ್ತಿರುವುದಿಲ್ಲ. ಬೆಳಿಗ್ಗೆ ಒಂಬತ್ತೂವರೆಗೆ ಕುರ್ಚಿಯಲ್ಲಿ ಕೂತರೆ ಏಳುವುದು ರಾತ್ರಿ ಎಂಟಕ್ಕೆ. ಹಾಗೇ ಎರಡು ವಾರ ಕಳೆದಿತ್ತು. ಒಂದು ಬೆಳಿಗ್ಗೆ ಬಚ್ಚಲ ಬಾಗಿಲಲ್ಲಿ ಬಿದ್ದಿದ್ದ ಮಗನ ಸಾಕ್ಸ್ ಎತ್ತಲು ಬಗ್ಗಿದೆ. ಒಂದು ಸಾಕ್ಸ್ ಎಷ್ಟು ಭಾರ ಇದ್ದೀತು ಹೇಳಿ. ಯಾರೋ ಒದ್ದೆ ಬಟ್ಟೆ ಹಿಂಡಿದ ಹಾಗೆ ಸೊಂಟ ಹಿಂಡಿತು. ಬಗ್ಗಿದವಳಿಗೆ ಮೇಲೇಳಲು ಆಗಲಿಲ್ಲ. ಬಾಗಿಲ ಚಿಲಕ ಹಿಡಿದುಕೊಂಡು ಹಾಗೇ ನಿಂತೆ. ಮಗ ಬಂದು "ಅಮ್ಮಾ, ಯಾಕೆ ಹಂಗೆ ನಿಂತಿದೀಯ?" ಅಂದ. ಉತ್ತರ ಕೊಡಲೂ ಉಸಿರು ಸಾಲಲಿಲ್ಲ.

ನಮ್ಮ ಕಡೆ ಇದಕ್ಕೆ "ಸೊಂಟ ಹಿಡ್ಕೊಂಡಿದೆ" ಅನ್ನುತ್ತಾರೆ. ಸರಿಯಾದ ಮಾತು. ಬೆನ್ನುಮೂಳೆಯ ಸುತ್ತಲಿನ ಸ್ನಾಯುಗಳು ನಿಜವಾಗಿಯೂ ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಒಳಗೆ ಏನೋ ಅಪಾಯ ಇದೆ ಅಂತ ಮೈ ತಾನೇ ಕಟ್ಟುವ ಕಟ್ಟು ಅದು.

ಮೊದಲ ಮೂರು ದಿನ ಹಾಸಿಗೆಯಿಂದ ಏಳುವುದೇ ಒಂದು ದೊಡ್ಡ ಕೆಲಸ. ಪಕ್ಕದ ಮನೆಯಲ್ಲಿ ರಿಟೈರ್ ಆದ ನರ್ಸ್ ಒಬ್ಬರಿದ್ದಾರೆ. ಅವರು ಬಂದು ಏಳುವುದನ್ನು ಕಲಿಸಿದರು. ನೇರವಾಗಿ ಏಳಬಾರದು. ಮೊದಲು ಎರಡೂ ಮಂಡಿ ಮಡಿಸಬೇಕು. ಮರದ ದಿಮ್ಮಿ ಉರುಳಿದ ಹಾಗೆ, ಹೆಗಲು ಮತ್ತು ಸೊಂಟ ಒಟ್ಟಿಗೇ ತಿರುಗುವಂತೆ, ಮಗ್ಗುಲಿಗೆ ಹೊರಳಬೇಕು. ಕಾಲುಗಳನ್ನು ಮಂಚದಿಂದ ಕೆಳಗೆ ಬಿಡಬೇಕು. ಆಮೇಲೆ ಮೇಲಿನ ಕೈಯನ್ನು ಹಾಸಿಗೆಗೆ ಊರಿ, ಕೆಳಗಿನ ಮೊಣಕೈಯಿಂದ ಒತ್ತಿಕೊಂಡು ಏಳಬೇಕು. ಕಾಲಿನ ಭಾರ ಕೆಳಗೆ ಇಳಿದ ಹಾಗೆ ಮೈ ತಾನಾಗಿ ಮೇಲೆ ಬರುತ್ತದೆ. ಸೊಂಟ ಹಿಡಿದವರಿಗೆ ಮೊದಲ ದಿನ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ. ಜೊತೆಗೆ ಬಿಸಿನೀರು. ಸ್ನಾನದ ಕೊನೆಯಲ್ಲಿ ನಾಲ್ಕು ಚೊಂಬು ಬಿಸಿನೀರು ಸೊಂಟಕ್ಕೆ ಸುರಿದುಕೊಂಡರೆ ಒಂದು ಗಂಟೆ ಹಾಯಾಗಿರುತ್ತಿತ್ತು.

ಬಂದವರೆಲ್ಲ ಒಂದೊಂದು ಹೇಳಿದರು. "ಉಳುಕು ಅಷ್ಟೇ, ಕಾಲು ಮುಂದಾಗಿ ಹುಟ್ಟಿದವರ ಹತ್ರ ಮೂರು ಸಲ ಕಾಲು ತಾಗಿಸಿಕೋ" ಅಂದರು ಒಬ್ಬರು. ನಮ್ಮ ಅತ್ತೆಯದು ಬೇರೆ ಲೆಕ್ಕ. "ಸಿಸೇರಿಯನ್‌ಗೆ ಬೆನ್ನಿಗೆ ಇಂಜೆಕ್ಷನ್ ಕೊಟ್ಟಿದ್ರಲ್ಲ, ಅದೇ ಈಗ ಕಾಡ್ತಿರೋದು." ಈ ಮಾತನ್ನು ಹೆರಿಗೆಯಾದ ಎಷ್ಟು ಹೆಂಗಸರು ನಂಬಿದ್ದಾರೋ! ಇಂಜೆಕ್ಷನ್ ಕೊಟ್ಟ ಜಾಗ ಕೆಲವು ದಿನ ನೋಯುವುದು ನಿಜ. ಆದರೆ ವರ್ಷಗಟ್ಟಲೆ ಉಳಿಯುವ ನೋವಿಗೂ ಆ ಇಂಜೆಕ್ಷನ್ನಿಗೂ ಸಂಬಂಧ ಇದೆ ಅಂತ ಅಧ್ಯಯನಗಳಲ್ಲಿ ಕಂಡುಬಂದಿಲ್ಲ. ಒಂಬತ್ತು ತಿಂಗಳು ಮುಂದಕ್ಕೆ ಎಳೆದ ಹೊಟ್ಟೆ, ಸಡಿಲವಾದ ಸ್ನಾಯು, ಆಮೇಲೆ ದಿನಕ್ಕೆ ನೂರು ಸಲ ಮಗುವನ್ನು ಎತ್ತಿ ಇಳಿಸುವುದು, ನಿದ್ದೆ ಇಲ್ಲದಿರುವುದು. ಇಷ್ಟೆಲ್ಲ ಬಿಟ್ಟು ಒಂದು ಸೂಜಿಯ ಮೇಲೆ ಗೂಬೆ ಕೂರಿಸುತ್ತೇವೆ. ಅದರಿಂದ ಹೆಂಗಸರಿಗೆ ನಷ್ಟವೇ. ಸೂಜಿ ಚುಚ್ಚಿಯಾಗಿದೆ, ಇನ್ನೇನೂ ಮಾಡುವಂತಿಲ್ಲ ಅಂತ ಕೂತುಬಿಡುತ್ತಾರೆ.

ಹತ್ತನೇ ದಿನಕ್ಕೆ ಸ್ಕ್ಯಾನ್ ಆಯಿತು. ಆ ಹೊತ್ತಿಗೆ ನೋವು ಅರ್ಧಕ್ಕರ್ಧ ಇಳಿದಿತ್ತು. ರಿಪೋರ್ಟ್ ಕೈಗೆ ಬಂದ ಮೇಲೆ ಮತ್ತೆ ಏರಿತು. ಎಲ್‌4-ಎಲ್‌5 ಹತ್ತಿರ, ಅಂದರೆ ಸೊಂಟದ ನಾಲ್ಕು ಮತ್ತು ಐದನೇ ಮೂಳೆಗಳ ನಡುವೆ, ಡಿಸ್ಕ್ ಬಲ್ಜ್ (ಉಬ್ಬು), ಡಿಜನರೇಶನ್ (ಸವೆತ), ನರಕ್ಕೆ ತಾಗುತ್ತಿದೆ ಅಂತ ಬರೆದಿತ್ತು. ಡಾಕ್ಟರು ಹಾಳೆ ತಿರುವುತ್ತಾ "ಡಿಸ್ಕ್ ಜಾರಿದೆ. ಇನ್ನು ಬಗ್ಗಬೇಡಿ, ನೆಲದ ಮೇಲೆ ಕೂರಬೇಡಿ, ಭಾರ ಎತ್ತಬೇಡಿ" ಅಂದರು. ಎಷ್ಟು ದಿನ ಅಂತ ಹೇಳಲಿಲ್ಲ. ನಾನು ಜೀವನಪೂರ್ತಿ ಅಂದುಕೊಂಡೆ.

ಮೂರು ತಿಂಗಳು ಗಾಜಿನ ಲೋಟದ ಹಾಗೆ ಬದುಕಿದೆ. ರಂಗೋಲಿ ಬಿಟ್ಟೆ. ಸ್ಕೂಟರ್ ಬಿಟ್ಟೆ. ಸಾಂಬಾರಿನ ಪಾತ್ರೆ ಇಳಿಸಲೂ ಗಂಡನನ್ನು ಕರೆಯುತ್ತಿದ್ದೆ. ಆಟೋ ಒಂದು ಹಂಪ್ ಹತ್ತಿದರೆ ಉಸಿರು ಬಿಗಿ ಹಿಡಿಯುತ್ತಿದ್ದೆ. ಬೆಲ್ಟ್ ಬಿಚ್ಚಿದರೆ ಬೆನ್ನು ಕಳಚಿ ಬೀಳುತ್ತದೇನೋ ಅನ್ನಿಸುತ್ತಿತ್ತು. ನೋವು ಹೋಗಲಿಲ್ಲ. ಜಾಸ್ತಿಯೇ ಆಯಿತು.

ಡಿಸೆಂಬರ್ ಕೊನೆಯಲ್ಲಿ ಫಿಸಿಯೋಥೆರಪಿಗೆ ಹೋದೆ. ಅಲ್ಲಿದ್ದ ಹುಡುಗಿಗೆ ಮೂವತ್ತು ವರ್ಷವೂ ಇರಲಿಕ್ಕಿಲ್ಲ. ಮೊದಲು ನನ್ನನ್ನು ನಡೆಸಿದಳು, ತುದಿಗಾಲಿನಲ್ಲಿ ಮತ್ತು ಹಿಮ್ಮಡಿಯಲ್ಲಿ ನಿಲ್ಲಿಸಿದಳು, ಹೆಬ್ಬೆರಳನ್ನು ಒತ್ತಿ ಹಿಡಿದು "ಮೇಲಕ್ಕೆತ್ತಿ" ಅಂದಳು, ಕಾಲಲ್ಲಿ ಎಲ್ಲಿಯಾದರೂ ಮರಗಟ್ಟಿದೆಯಾ ಅಂತ ಕೇಳಿದಳು. ಎಲ್ಲ ಮುಗಿದ ಮೇಲೆ ರಿಪೋರ್ಟನ್ನು ತೆಗೆದುಕೊಂಡು ಅದರ ಕವರಿನ ಹಿಂದೆ ಪೆನ್ನಿನಲ್ಲಿ ಕೆಲವು ಸಂಖ್ಯೆ ಬರೆದಳು. ಆ ಕವರು ಇನ್ನೂ ನನ್ನ ಹತ್ತಿರ ಇದೆ.

20 ವರ್ಷ, 37. 40 ವರ್ಷ, 68. 80 ವರ್ಷ, 96.

ಬೆನ್ನು ನೋವೇ ಇಲ್ಲದ 3,110 ಜನರ ಸ್ಕ್ಯಾನ್‌ಗಳ ಮಾಹಿತಿ ಒಟ್ಟುಗೂಡಿಸಿ 2015ರಲ್ಲಿ ಪ್ರಕಟಿಸಿದ ಲೆಕ್ಕ ಅದು. ಯಾವ ನೋವೂ ಇಲ್ಲದ ಇಪ್ಪತ್ತರ ವಯಸ್ಸಿನವರಲ್ಲೇ ನೂರಕ್ಕೆ 37 ಜನಕ್ಕೆ ಡಿಸ್ಕ್ ಸವೆತ ಕಂಡಿತ್ತು. ನಲವತ್ತರಲ್ಲಿ 68 ಜನಕ್ಕೆ. ಡಿಸ್ಕ್ ಉಬ್ಬಿರುವುದಂತೂ ನಲವತ್ತರ ವಯಸ್ಸಿನವರಲ್ಲಿ ಸರಿಸುಮಾರು ಅರ್ಧ ಜನಕ್ಕೆ ಇತ್ತು. ನನಗೆ ಆಗ 43. "ಕೂದಲು ನೆರೆಯೋ ಹಾಗೆ ಮೇಡಂ ಇದು. ನೋವಿಗೆ ಇದೇ ಕಾರಣ ಅಂತ ಸ್ಕ್ಯಾನ್ ಒಂದನ್ನೇ ನೋಡಿ ಹೇಳೋಕಾಗಲ್ಲ" ಅಂದಳು.

ಡಿಸ್ಕ್ ಜಾರುತ್ತದೆ ಅನ್ನುವ ಮಾತೇ ತಪ್ಪು ಅಂತ ಆವತ್ತು ಗೊತ್ತಾಯಿತು. ಡಿಸ್ಕು ಎರಡು ಮೂಳೆಗಳ ನಡುವೆ ಇಟ್ಟ ಬಿಲ್ಲೆ ಅಲ್ಲ. ಮೇಲಿನ ಮೂಳೆಗೂ ಕೆಳಗಿನ ಮೂಳೆಗೂ ಗಟ್ಟಿಯಾಗಿ ಬೆಸೆದುಕೊಂಡಿರುತ್ತದೆ. ನಮ್ಮ ಅಡಿಕೆ ಸೀಮೆಯವರಿಗೆ ಹೇಳುವುದಾದರೆ ಎಳೆ ಅಡಿಕೆಯನ್ನು ನೆನಪಿಸಿಕೊಳ್ಳಿ. ಹೊರಗೆ ನಾರಿನ ಸುತ್ತು, ಒಳಗೆ ಮೆತ್ತನೆಯ ತಿರುಳು. ನಾರು ಸಡಿಲವಾದ ಕಡೆ ತಿರುಳು ಒತ್ತಿ ಉಬ್ಬುತ್ತದೆ. ಕೆಲವೊಮ್ಮೆ ನಾರು ಹರಿದು ತಿರುಳು ಹೊರಗೇ ಬರುತ್ತದೆ. ನರಕ್ಕೆ ತಾಗಿದರೆ ಪೃಷ್ಠದಿಂದ ಪಾದದವರೆಗೆ ಕರೆಂಟು ಹೊಡೆದ ಹಾಗೆ ನೋವು. ಅದೇ ಸಯಾಟಿಕಾ. ಅಚ್ಚರಿ ಅಂದರೆ, ಹೊರಗೆ ಬಂದ ತಿರುಳನ್ನು ಮೈ ತಾನೇ ಕರಗಿಸಿಕೊಳ್ಳುತ್ತದೆ. ಆಪರೇಷನ್ ಇಲ್ಲದೆ ಕಾದವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನಕ್ಕೆ ಅದು ಕಾಲಕ್ರಮೇಣ ಕುಗ್ಗುತ್ತದೆ. ಆಪರೇಷನ್ ಬೇಡವೇ ಬೇಡ ಅಂತಲ್ಲ. ಕಾಲಿನ ಶಕ್ತಿ ಹೋಗುತ್ತಿದ್ದರೆ, ತಿಂಗಳುಗಟ್ಟಲೆ ಕಾದರೂ ಕಾಲು ನೋವು ಇಳಿಯದಿದ್ದರೆ ಅದರಿಂದ ಖಂಡಿತ ಉಪಕಾರ ಇದೆ.

2020ರಲ್ಲಿ ಜಗತ್ತಿನಲ್ಲಿ ಸೊಂಟ ನೋವಿದ್ದವರು 61.9 ಕೋಟಿ ಜನ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಅವರಲ್ಲಿ ನೂರಕ್ಕೆ ತೊಂಬತ್ತು ಜನರಲ್ಲಿ ಇಂಥದ್ದೇ ಕಾರಣ ಅಂತ ಬೆರಳಿಟ್ಟು ತೋರಿಸಲು ಆಗುವುದಿಲ್ಲ. ನಾನೂ ಆ ತೊಂಬತ್ತರಲ್ಲಿ ಒಬ್ಬಳು. ಇಂಥ ನೋವು ಹೆಚ್ಚಿನವರಿಗೆ ಕೆಲವೇ ವಾರಗಳಲ್ಲಿ ಬಹುಪಾಲು ಇಳಿಯುತ್ತದೆ. ಉಳುಕು ತೆಗೆಯುವವರಿಗೂ ಮುಲಾಮಿಗೂ ಒಳ್ಳೆ ಹೆಸರು ಬರುವುದು ಇದರಿಂದಲೇ. ಆದರೆ ನನ್ನ ಹಾಗೆ ಹೆದರಿ ಕೂತರೆ ಸ್ನಾಯು ಸೊರಗುತ್ತದೆ, ಸಣ್ಣ ಎಳೆತವೂ ದೊಡ್ಡದಾಗಿ ಕೇಳಿಸುತ್ತದೆ. 1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ನಗರದ ನೌಕರರನ್ನು ಮೂರು ಗುಂಪು ಮಾಡಿ ನೋಡಿದ್ದರು. ಒಂದು ಗುಂಪಿಗೆ ಎರಡು ದಿನ ಹಾಸಿಗೆ ವಿಶ್ರಾಂತಿ, ಇನ್ನೊಂದಕ್ಕೆ ಬೆನ್ನಿನ ವ್ಯಾಯಾಮ, ಮೂರನೆಯವರಿಗೆ ನೋವು ಬಿಟ್ಟಷ್ಟು ಮಾಮೂಲಿ ಕೆಲಸ. ಬೇಗ ಸುಧಾರಿಸಿದ್ದು ಮೂರನೇ ಗುಂಪು.

ಆ ಹುಡುಗಿ ನನಗೆ ಕೊಟ್ಟ ಕೆಲಸ ಬಹಳ ಸಾದಾ. ದಿನಾ ಹತ್ತು ನಿಮಿಷ ನಡಿಗೆ, ವಾರಕ್ಕೆ ಐದೈದು ನಿಮಿಷ ಜಾಸ್ತಿ ಮಾಡುತ್ತಾ ಅರ್ಧ ಗಂಟೆಗೆ ತರಬೇಕು. ಅಂಗಾತ ಮಲಗಿ ಸೊಂಟ ಎತ್ತುವ ಸೇತುಬಂಧ. ಮಂಡಿ ಮತ್ತು ಅಂಗೈ ಊರಿ ಒಂದು ಕೈ, ಎದುರಿನ ಕಾಲು ಚಾಚುವುದು. ಆಮೇಲೆ ಭಾರ. ಮೊದಲು ಎರಡು ಕೇಜಿ ಅಕ್ಕಿ ಚೀಲ ಸ್ಟೂಲಿನಿಂದ, ಆಮೇಲೆ ನೆಲದಿಂದ, ಆಮೇಲೆ ಐದು ಕೇಜಿ. "ಬಗ್ಗಿ" ಅಂದಳು ಒಂದು ದಿನ. ನಾನು ಅತ್ತುಬಿಟ್ಟೆ. ಮೂರು ತಿಂಗಳಾಗಿತ್ತು ನನ್ನ ಕಾಲಿನ ಉಗುರನ್ನು ನಾನೇ ಮುಟ್ಟಿ. ಬಗ್ಗಿದೆ. ಏನೂ ಮುರಿಯಲಿಲ್ಲ. ನಡಿಗೆಯನ್ನು ನಾನು ಈಗಲೂ ಬಿಟ್ಟಿಲ್ಲ. ಬೆನ್ನು ನೋವಿನಿಂದ ಆಗಷ್ಟೇ ಸುಧಾರಿಸಿಕೊಂಡ 701 ಜನರನ್ನು ಆಸ್ಟ್ರೇಲಿಯಾದಲ್ಲಿ ಗಮನಿಸಿದ್ದರು, 2024ರಲ್ಲಿ ಅದು ಪ್ರಕಟವಾಯಿತು. ನಡಿಗೆಯ ತರಬೇತಿ ಪಡೆದವರಲ್ಲಿ ಅರ್ಧ ಜನಕ್ಕೆ ನೋವು ಮರಳಲು 208 ದಿನ ಹಿಡಿದರೆ, ಉಳಿದವರಿಗೆ 112 ದಿನ. ಕುರ್ಚಿಯ ವಿಚಾರಕ್ಕೆ ಹೆಚ್ಚು ಹೇಳುವುದಿಲ್ಲ. ದುಬಾರಿ ಕುರ್ಚಿಗಿಂತ ಮುಕ್ಕಾಲು ಗಂಟೆಗೊಮ್ಮೆ ಎದ್ದು ನೀರು ಕುಡಿದು ಬರುವುದು ಮೇಲು.

ಇಲ್ಲಿಗೆ ನಿಲ್ಲಿಸಿದ್ದರೆ ಇದು ನನ್ನ ಚೇತರಿಕೆಯ ಕತೆಯಾಗುತ್ತಿತ್ತು. ಆದರೆ ಅದೇ ಜನವರಿಯಲ್ಲಿ ಅಮ್ಮನ ಫೋನ್ ಬಂತು.

ಅಮ್ಮ ಇರುವುದು ತೀರ್ಥಹಳ್ಳಿ ಹತ್ತಿರದ ಹಳ್ಳಿಯಲ್ಲಿ. ಎಪ್ಪತ್ತೊಂದು ವರ್ಷ. ಅಡಿಕೆ ಕೊಯ್ಲಿನ ಕಾಲ. ಕೊಟ್ಟಿಗೆಯಲ್ಲಿ ಅಕ್ಕಚ್ಚಿನ ಬಾನಿ ಸರಿಸುವಾಗ ಬೆನ್ನಲ್ಲಿ ಚಟ್ ಅಂದಿತಂತೆ. "ಎಂತ ಆಗ್ಲಿಲ್ಲ ಕಣೆ, ರವಿಕೆ ಅಂಚಿನ ಹತ್ರ ಸ್ವಲ್ಪ ನೋವು. ವಯಸ್ಸಾಯ್ತಲ್ಲ" ಅಂದಳು. ನನಗೆ ಆಗ ಹೊಸ ತಿಳಿವಳಿಕೆಯ ಹುಮ್ಮಸ್ಸು. "ಮಲಗ್ಬೇಡ ಅಮ್ಮ, ನಡಿ. ಬಗ್ಗು, ಹೆದರ್ಬೇಡ. ಎಲ್ಲ ಸರಿಹೋಗುತ್ತೆ" ಅಂದೆ. ಅವಳು ಹಾಗೇ ಮಾಡಿದಳು. ಅಂಗಳ ಗುಡಿಸಿದಳು, ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿದಳು. ಮಗಳು ಹೇಳಿದ್ದಾಳೆ ಅಂತ.

ಮೇ ತಿಂಗಳಲ್ಲಿ ನೆಂಟರ ಮದುವೆ. ನಾನು ಹಿಂದಿನ ದಿನವೇ ಹೋಗಿದ್ದೆ. ಬೆಳಿಗ್ಗೆ ಅಮ್ಮ ರೇಷ್ಮೆ ಸೀರೆ ಉಡುತ್ತಾ "ಈಗೀಗ ಸೀರೆ ಎಲ್ಲ ಉದ್ದ ಆಗ್ಯಾವೆ ಕಣೆ, ನೆಲ ಗುಡಿಸ್ತವೆ. ಸ್ವಲ್ಪ ನೆರಿಗೆ ಹಿಡಿ ಬಾ" ಅಂದಳು. ಕೂತು ನೆರಿಗೆ ಹಿಡಿದೆ. ಅಂಚು ನಿಜವಾಗಿಯೂ ನಾಲ್ಕು ಬೆರಳು ನೆಲದ ಮೇಲೆ ಮಡಚಿ ಬಿದ್ದಿತ್ತು. ನನ್ನ ಮದುವೆಗೆ ತೆಗೆದ ಸೀರೆ ಅದು. ಆವತ್ತು ಅವಳ ಹಿಮ್ಮಡಿಗೆ ಸರಿಯಾಗಿ ನಿಂತಿತ್ತು. ನಾನು ಎದ್ದು ಅವಳ ಪಕ್ಕ ನಿಂತೆ. ನನ್ನಷ್ಟೇ ಎತ್ತರ ಇದ್ದವಳ ನೆತ್ತಿ ನನ್ನ ಹುಬ್ಬಿನ ಮಟ್ಟಕ್ಕಿತ್ತು. ರವಿಕೆಯ ಬೆನ್ನು ಮೇಲಕ್ಕೆ ಸೇದಿಕೊಂಡಿತ್ತು. ಸೀರೆ ಉದ್ದ ಆಗುವುದುಂಟೇ? ಅಮ್ಮ ಗಿಡ್ಡ ಆಗಿದ್ದಳು.

ಮದುವೆ ಮುಗಿದ ಮಾರನೇ ದಿನ ಎಕ್ಸ್‌ರೇ ತೆಗೆಸಿದೆವು. ಎದೆಯ ಮೂಳೆಸಾಲು ಮುಗಿದು ಸೊಂಟದ್ದು ಶುರುವಾಗುವ ಕಡೆ ಒಂದು ಕಶೇರು, ಅಂದರೆ ಬೆನ್ನುಮೂಳೆಯ ಒಂದು ಬಿಡಿ ಮೂಳೆ, ಮುಂದುಗಡೆ ಕುಸಿದು ಬೆಣೆಯ ಆಕಾರಕ್ಕೆ ಬಂದಿತ್ತು. ಅದರ ಮೇಲೆ ಇನ್ನೊಂದು ಹಳೆಯದು, ಯಾವಾಗ ಆಯಿತೋ ಅವಳಿಗೇ ಗೊತ್ತಿಲ್ಲ. ಮೂಳೆ ಟೊಳ್ಳಾಗುವ ಆಸ್ಟಿಯೋಪೊರೋಸಿಸ್. ಬಾನಿ ಸರಿಸಿದ್ದಕ್ಕೇ ಮೂಳೆ ಮುರಿದಿತ್ತು. ಬೆನ್ನಿನ ಇಂಥ ಮುರಿತಗಳಲ್ಲಿ ಮೂರರಲ್ಲಿ ಎರಡರಷ್ಟು ಯಾರ ಗಮನಕ್ಕೂ ಬರುವುದಿಲ್ಲವಂತೆ. ವಯಸ್ಸಾಯಿತು, ಬೆನ್ನು ಬಾಗಿತು ಅಂತ ಸುಮ್ನೆ ಇರುತ್ತೇವೆ. ನಮ್ಮಜ್ಜಿಯ ಬಾಗಿದ ಬೆನ್ನು ನೆನಪಾಯಿತು. ಅದನ್ನು ನಾವು ವಯಸ್ಸು ಅಂತಲೇ ತಿಳಿದಿದ್ದೆವು.

ಡಾಕ್ಟರು ಅಮ್ಮನಿಗೆ ಕೇಳಿದ ಮೊದಲ ಪ್ರಶ್ನೆ, "ಮುಟ್ಟು ಎಷ್ಟನೇ ವಯಸ್ಸಿಗೆ ನಿಂತಿತು?" ಅಮ್ಮ ನನ್ನ ಮುಖ ನೋಡಿದಳು. ನಲವತ್ತೊಂದರಲ್ಲಿ ಗರ್ಭಕೋಶ ತೆಗೆದಿದ್ದರು, ಜೊತೆಗೆ ಅಂಡಾಶಯವನ್ನೂ. ಅಲ್ಲಿಗೆ ಈಸ್ಟ್ರೋಜನ್ ನಿಂತಿತ್ತು. ಮೂಳೆಯನ್ನು ಕಾಯುವ ಹಾರ್ಮೋನು ಅದು. ಮೂವತ್ತು ವರ್ಷ ಅವಳ ಮೂಳೆ ಸವೆಯುತ್ತಾ ಬಂದಿತ್ತು. ಆಪರೇಷನ್ ಆದಾಗ ಹೊಲಿಗೆ ವಾಸಿಯಾಯಿತಾ ಅಂತ ನೋಡಿದರೇ ಹೊರತು ಮುಂದೆ ಮೂಳೆ ಪರೀಕ್ಷೆ ಮಾಡಿಸಿಕೊಳ್ಳಿ ಅಂತ ಒಬ್ಬರೂ ಹೇಳಿರಲಿಲ್ಲ. ನಮ್ಮೂರಲ್ಲಿ ಹೀಗೆ ಬೇಗ ಗರ್ಭಕೋಶ ತೆಗೆಸಿಕೊಂಡ ಎಷ್ಟು ಅಮ್ಮಂದಿರಿದ್ದಾರೆ! ಮೂಳೆ ಎಷ್ಟು ಗಟ್ಟಿ ಇದೆ ಅಂತ ಅಳೆಯಲು ಡೆಕ್ಸಾ ಅಂತ ಒಂದು ಸ್ಕ್ಯಾನ್ ಇದೆ. ನೋವಿಲ್ಲ, ಸೂಜಿಯಿಲ್ಲ, ಹತ್ತಿಪ್ಪತ್ತು ನಿಮಿಷ ಮಲಗಿದರೆ ಮುಗಿಯಿತು. ಅದರಲ್ಲಿ ಬರುವ ಅಂಕಕ್ಕೆ ಟಿ-ಸ್ಕೋರ್ ಅನ್ನುತ್ತಾರೆ. ಅದು ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೋಪೊರೋಸಿಸ್. ಅಮ್ಮನದು ಮೈನಸ್ 3.4 ಇತ್ತು.

ನನ್ನನ್ನು ಕಾಡುವುದು ಇದು. "ಬಗ್ಗಬೇಡಿ, ಭಾರ ಎತ್ತಬೇಡಿ" ಅನ್ನುವ ಮಾತು ಅಮ್ಮನಿಗೆ ಬೇಕಾಗಿತ್ತು, ಅದು ನನಗೆ ಸಿಕ್ಕಿತು. "ಬಗ್ಗಿ, ಹೆದರಬೇಡಿ" ಅನ್ನುವುದು ನನಗೆ ಸರಿಯಾಗಿತ್ತು, ಅದನ್ನು ನಾನೇ ಅಮ್ಮನಿಗೆ ಕೊಟ್ಟೆ. ಟೊಳ್ಳು ಮೂಳೆಯವರು ಬೆನ್ನನ್ನು ಮುಂದಕ್ಕೆ ಬಾಗಿಸಿ ಭಾರ ಎತ್ತಿದರೆ ಕಶೇರುವಿನ ಮುಂಭಾಗಕ್ಕೇ ಒತ್ತಡ ಬೀಳುತ್ತದೆ. ಪುಣ್ಯಕ್ಕೆ ಯಾರ ಹತ್ತಿರವೂ ಉಳುಕು ತೆಗೆಸಲು ಹೋಗಿರಲಿಲ್ಲ. ಕಾಲು ತಾಗಿಸಿ ಕಳಿಸಿದರೆ ಏನೂ ಆಗುವುದಿಲ್ಲ, ಆದರೆ ಅಂಥ ಬೆನ್ನನ್ನು ಹಿಡಿದು ತಿರುಚಿ ಲಟಕ್ ಅನ್ನಿಸಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಲೂ ಮನಸ್ಸು ಬರುವುದಿಲ್ಲ.

ಹಾಗಾದರೆ ಯಾವ ನೋವಿಗೆ ಕಾಯಬಹುದು, ಯಾವುದಕ್ಕೆ ಓಡಬೇಕು? ಡಾಕ್ಟರು ಹೇಳಿದ್ದನ್ನು ಹೇಳುತ್ತೇನೆ. ಐವತ್ತು ದಾಟಿದ ಮೇಲೆ ಮೊದಲ ಸಲ ಬಂದ ನೋವು, ಅದರಲ್ಲೂ ಬಿದ್ದ ಮೇಲೆ ಅಥವಾ ಸಣ್ಣ ಭಾರ ಎತ್ತಿದ ಮೇಲೆ ಬಂದದ್ದು, ಎತ್ತರ ಕಡಿಮೆಯಾಗಿರುವುದು, ಬಹಳ ದಿನ ಸ್ಟೆರಾಯ್ಡ್ ಮಾತ್ರೆ ನುಂಗಿರುವುದು ಮೂಳೆಯ ಕಡೆ ಬೆರಳು ತೋರಿಸುತ್ತವೆ. ಮೊದಲು ಕ್ಯಾನ್ಸರ್ ಆಗಿದ್ದವರು ಹೊಸ ಬೆನ್ನು ನೋವನ್ನು ತಡಮಾಡದೆ ತೋರಿಸಬೇಕು. ಸಂಜೆ ಸಂಜೆ ಜ್ವರ, ತೂಕ ಇಳಿಯುವುದು, ರಾತ್ರಿ ಮಲಗಿದರೂ ಬಿಡದ ನೋವು ಇದ್ದರೆ ಬೆನ್ನುಮೂಳೆಯ ಕ್ಷಯ ಇರಬಹುದು. 1779ರಲ್ಲಿ ಅದನ್ನು ವಿವರಿಸಿದ ಇಂಗ್ಲಿಷ್ ವೈದ್ಯ ಪರ್ಸಿವಲ್ ಪಾಟ್ ಹೆಸರಿನಿಂದಲೇ ಅದಕ್ಕೆ ಪಾಟ್ಸ್ ಕಾಯಿಲೆ ಅನ್ನುತ್ತಾರೆ. ಬೇಗ ಗೊತ್ತಾದರೆ ಮಾತ್ರೆಯಲ್ಲೇ ವಾಸಿಯಾಗುತ್ತದೆ, ಕ್ಷಯದ ಔಷಧಿ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಇನ್ನೊಂದಕ್ಕಂತೂ ಬೆಳಗಾಗುವವರೆಗೂ ಕಾಯಬಾರದು. ಮೂತ್ರ ಕಟ್ಟಿಕೊಂಡರೆ ಅಥವಾ ಹಿಡಿತ ತಪ್ಪಿದರೆ, ತೊಡೆ ಸಂದಿಯಲ್ಲಿ, ಅಂದರೆ ಸೈಕಲ್ ಸೀಟಿಗೆ ತಾಗುವ ಜಾಗದಲ್ಲಿ ಮರಗಟ್ಟಿದರೆ, ಎರಡೂ ಕಾಲು ಸೋತರೆ, ಆ ಕ್ಷಣವೇ ದೊಡ್ಡಾಸ್ಪತ್ರೆಗೆ ಹೋಗಬೇಕು. ಇದನ್ನು ಹೇಳಲು ನಮ್ಮ ಹೆಂಗಸರು ನಾಚುತ್ತಾರೆ. ಮನೆಯವರೇ ಬಾಯಿ ಬಿಟ್ಟು ಕೇಳಬೇಕು.

ಅಮ್ಮನಿಗೆ ಈಗ ಕ್ಯಾಲ್ಸಿಯಂ, ವಿಟಮಿನ್ ಡಿ, ಬೆಳಗಿನ ಬಿಸಿಲು. ನಮ್ಮ ಕಡೆ ರಾಗಿ ತಿನ್ನುವುದು ಕಡಿಮೆ, ಆದರೂ ಗಂಜಿ ಮಾಡಿಕೊಳ್ಳುತ್ತಾಳೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಬಚ್ಚಲಿಗೆ ಹೋಗುವ ದಾರಿಗೆ ಲೈಟ್ ಹಾಕಿಸಿದೆವು, ಗೋಡೆಗೆ ಹಿಡಿಕೆ ಬಂತು, ಜಾರುವ ಕಾಲೊರೆಸು ಹೋಯಿತು. ಬಾನಿಗೆ ಅಣ್ಣ ಚಕ್ರ ಹಾಕಿಸಿದ. ನಡಿಗೆ ಅವಳಿಗೂ ಇದೆ, ಬೆನ್ನು ನೇರ ಮಾಡುವ ವ್ಯಾಯಾಮವೂ ಇದೆ. ಮುಂದಕ್ಕೆ ಬಾಗುವ ಆಸನ ಮಾತ್ರ ಇಲ್ಲ. ನೋವು ಎರಡು ತಿಂಗಳಲ್ಲಿ ಇಳಿಯಿತು. ಹೋದ ಎತ್ತರ ಮರಳಿ ಬರುವುದಿಲ್ಲ.

ನಡುಮನೆಯ ಬಾಗಿಲ ಚೌಕಟ್ಟಿನಲ್ಲಿ ಪೆನ್ಸಿಲ್ ಗೆರೆ ಎಳೆದಿದ್ದೇನೆ. ಚಿಕ್ಕವರಿದ್ದಾಗ ಅಮ್ಮ ನಮ್ಮ ಎತ್ತರಕ್ಕೆ ಗೆರೆ ಎಳೆಯುತ್ತಿದ್ದ ಅದೇ ಚೌಕಟ್ಟು. ಯಾವಾಗಲೂ ಬೆಳಿಗ್ಗೆಯೇ ಅಳೆಯುತ್ತೇನೆ. ರಾತ್ರಿ ಮಲಗಿದಾಗ ಡಿಸ್ಕು ನೀರು ಹೀರಿ ಉಬ್ಬುವುದರಿಂದ ಎದ್ದಾಗ ಎಲ್ಲರೂ ಒಂದೆರಡು ಸೆಂಟಿಮೀಟರ್ ಉದ್ದ ಇರುತ್ತೇವೆ, ಸಂಜೆಗೆ ಅದು ಇಳಿದಿರುತ್ತದೆ. ಆ ಲೆಕ್ಕ ತಪ್ಪಬಾರದಲ್ಲ.

ಅಮ್ಮನಿಗೆ ಮೂಳೆಗೆ ಅಂತ ವಾರಕ್ಕೊಂದು ಮಾತ್ರೆ ಇದೆ, ಭಾನುವಾರದ್ದು. ಖಾಲಿ ಹೊಟ್ಟೆಯಲ್ಲಿ ಒಂದು ದೊಡ್ಡ ಲೋಟ ನೀರಿನ ಜೊತೆ ನುಂಗಬೇಕು. ಆಮೇಲೆ ಅರ್ಧ ಗಂಟೆ ಮಲಗುವಂತಿಲ್ಲ, ಇಲ್ಲದಿದ್ದರೆ ಅನ್ನನಾಳ ಸುಡುತ್ತದೆ. ಕಾಫಿಯೂ ಇಲ್ಲ. ಐವತ್ತು ವರ್ಷದಿಂದ ಎದ್ದ ತಕ್ಷಣ ಕಾಫಿ ಕುಡಿದವಳಿಗೆ ಆ ಅರ್ಧ ಗಂಟೆ ಬಹಳ ಉದ್ದ. ಅದಕ್ಕೇ ಮಾತ್ರೆ ನುಂಗಿ ನನಗೆ ಫೋನ್ ಮಾಡುತ್ತಾಳೆ. ಅಂಗಳದಲ್ಲಿ ನಡೆಯುತ್ತಾ ದನದ ಸುದ್ದಿ, ಅಡಿಕೆ ರೇಟು, ಆಚೆ ಮನೆಯವರ ಸುದ್ದಿ ಎಲ್ಲ ಹೇಳುತ್ತಾಳೆ. ಆಚೆ ಮನೆಯ ಅಕ್ಕನಿಗೂ ಸೀರೆ ಉದ್ದ ಆಗಿದೆಯಾ ಅಂತ ಕೇಳಿದ್ದಾಳಂತೆ. ಹೌದು ಅಂದರಂತೆ. ಮುಂದಿನ ವಾರ ಇಬ್ಬರೂ ಒಟ್ಟಿಗೆ ಶಿವಮೊಗ್ಗಕ್ಕೆ ಬರುತ್ತಾರೆ, ಅವರಿಗೆ ಸ್ಕ್ಯಾನ್ ಮಾಡಿಸಬೇಕು. ಇಷ್ಟು ಹೇಳುವಷ್ಟರಲ್ಲಿ ಗಡಿಯಾರ ನೋಡುತ್ತಾಳೆ. "ಅರ್ಧ ಗಂಟೆ ಆಯ್ತು ಕಣೆ, ಇಡ್ತೀನಿ. ಕಾಫಿಗೆ ನೀರಿಟ್ಟಿದೀನಿ."